ಅಥವಾ ತತ್ಸಮಾನ

ಸರ್ಕಾರಿ ಹುದ್ದೆಗೆ ಒಮ್ಮೆಯಾದರೂ ಅರ್ಜಿ ಹಾಕಿದವರಿಗೆ ಈ ಮಾತು ಬಾಯಿಪಾಠ: ‘ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ’. ಸಾಮಾನ್ಯವಾಗಿ ಕಣ್ಣು ‘ಪದವಿ’ಯ ಮೇಲೆ ನಿಲ್ಲುತ್ತದೆ, ಉಳಿದದ್ದರ ಮೇಲೆ ಜಾರಿಹೋಗುತ್ತದೆ. ಬೇರೆ ದೇಶದ ಅಂಕಪಟ್ಟಿ ಹಿಡಿದು ಬಂದವನಿಗೆ ಮಾತ್ರ ಆ ‘ತತ್ಸಮಾನ’ದ ಭಾರ ಗೊತ್ತು. ಯಾವುದು ಯಾವುದಕ್ಕೆ ಸಮ, ಹಾಗೆಂದು ಹೇಳುವವರು ಯಾರು, ಅವರು ಯಾವ ಕೋಣೆಯಲ್ಲಿ ಕೂತಿರುತ್ತಾರೆ, ಊಟಕ್ಕೆ ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದನ್ನೆಲ್ಲ ಅವನು ಕಲಿಯಬೇಕಾಗುತ್ತದೆ.

1958ರಲ್ಲಿ ರೋಮ್ ನಗರದ ಸಪಿಯೆಂಜಾ ವಿಶ್ವವಿದ್ಯಾಲಯದ ಕಚೇರಿಗೆ ಸೋಫಿಯಾ ಕೊರಾದಿ ಎಂಬ ಇಪ್ಪತ್ತಮೂರು–ಇಪ್ಪತ್ತನಾಲ್ಕರ ಕಾನೂನು ವಿದ್ಯಾರ್ಥಿನಿ ಹೋದಳು. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ, ತೌಲನಿಕ ಕಾನೂನಿನಲ್ಲಿ ಸ್ನಾತಕೋತ್ತರ ಪದವಿಯೊಂದಿಗೆ ಆಗಷ್ಟೇ ಊರಿಗೆ ಮರಳಿದ್ದಳು. ರೋಮಿನಲ್ಲಿ ಅವಳ ಪದವಿ ಮುಗಿಯಲು ಇನ್ನೂ ಸ್ವಲ್ಪ ಬಾಕಿಯಿತ್ತು. ಕೊಲಂಬಿಯಾದ ಓದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿಕೊಂಡಳು. ಆಗುವುದಿಲ್ಲ ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅಮೆರಿಕದಲ್ಲಿ ಮಜಾ ಮಾಡಿ ಬಂದು ಈಗ ಪರೀಕ್ಷೆ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಎನ್ನುವ ಧಾಟಿಯಲ್ಲಿ ಎಲ್ಲರೆದುರು ಗದರಿದರು. ಆ ಅವಮಾನವನ್ನು ಕೊರಾದಿ ಮುಂದೆ ಮುಪ್ಪಿನವರೆಗೂ ಸಂದರ್ಶನಗಳಲ್ಲಿ ಹೇಳುತ್ತಲೇ ಇದ್ದರು. ಅಂದು ಕಚೇರಿಯಲ್ಲಿದ್ದ ಗುಮಾಸ್ತರಿಗೆ, ತಾವು ಯುರೋಪಿನ ಶಿಕ್ಷಣದ ಇತಿಹಾಸವನ್ನೇ ಕೆಣಕಿದ್ದೇವೆಂದು ಗೊತ್ತಾಗುವಂತಿರಲಿಲ್ಲ.

ವಿದೇಶಿ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಕಚೇರಿ ಇಂದು ಬಹುಪಾಲು ದೊಡ್ಡ ವಿಶ್ವವಿದ್ಯಾಲಯಗಳಲ್ಲಿದೆ. ಬಾಗಿಲ ಮೇಲೆ ಗೋಳದ ಚಿತ್ರ, ಒಳಗೆ ಎರಡು ದೇಶಗಳ ಪುಟ್ಟ ಬಾವುಟಗಳು. ಅದರ ಇತಿಹಾಸ ಹುಡುಕುವವರು ಸಾಮಾನ್ಯವಾಗಿ ಒಪ್ಪಂದಗಳ, ಕುಲಪತಿಗಳ ಭಾಷಣಗಳ ಹಿಂದೆ ಹೋಗುತ್ತಾರೆ. ಹಿಡಿಯಬೇಕಾದ ದಾರಿ ಇನ್ನೊಂದಿದೆ: ಅರ್ಜಿ ತೆಗೆದುಕೊಳ್ಳುವ ಮೇಜಿನದು.

ಹಿಂದೆ ಈ ಮೇಜೇ ಬೇಕಿರಲಿಲ್ಲ. ಏಳನೆಯ ಶತಮಾನದಲ್ಲಿ ನಾಲಂದಕ್ಕೆ ಬಂದ ಹ್ಯುಯೆನ್‌ತ್ಸಾಂಗ್ ಬರೆದಿರುವಂತೆ, ಅಲ್ಲಿ ಬಾಗಿಲಲ್ಲೇ ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಹೊರಗಿನಿಂದ ಬಂದ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಅಲ್ಲಿಂದಲೇ ವಾಪಸಾಗುತ್ತಿದ್ದರು. ಎಲ್ಲಿ ಓದಿದೆ, ಎಷ್ಟು ಅಂಕ ಬಂತು ಎಂಬ ಕಾಗದವನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ವಿಜಯಪುರ ಜಿಲ್ಲೆಯ ಇಂಡಿಯ ಹತ್ತಿರವಿರುವ ಸಾಲೋಟಗಿಯ ಶಾಸನವೂ (ಕ್ರಿ.ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ) ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಶಾಲೆಯ ವಿಷಯ ಹೇಳುತ್ತದೆ. ಅವರಿಗೆ ಉಳಿಯಲು ಇಪ್ಪತ್ತೇಳು ಮನೆಗಳು, ದೀಪಕ್ಕೆ ಭೂಮಿ. ಊರಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರರ್ಧ ಎಂದು ಶಾಲೆಗೆ ಸಲ್ಲಬೇಕಾದ ಕಾಣಿಕೆಯೂ ಗೊತ್ತಾಗಿತ್ತು. ದೂರದಿಂದ ಬಂದ ಹುಡುಗರ ಖರ್ಚನ್ನು ಊರಿನ ಮದುವೆಮನೆಗಳ ಮೇಲೆ ಹಾಕಿದ ಈ ಏರ್ಪಾಡನ್ನು ಇಂದಿನ ಯಾವ ಹಣಕಾಸು ಅಧಿಕಾರಿಯೂ ಮೆಚ್ಚಬೇಕು.

ಪದವಿ ಎಂಬುದು ಕಾಗದವಾಗಿ, ಕಾಗದ ಕೆಲಸಕ್ಕೆ ದಾರಿಯಾದ ಮೇಲೆ ಮೇಜು ಬಂತು. ಅದು ಮೊದಲು ಬಂದ ಬಗೆಯಂತೂ ಅಷ್ಟು ಸಂತೋಷದ್ದಲ್ಲ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳು ಹೆಚ್ಚಾಗಿದ್ದರು. ಐಸಿಎಸ್, ಬ್ಯಾರಿಸ್ಟರಿಕೆ, ವೈದ್ಯಕೀಯ, ಎಂಜಿನಿಯರಿಂಗ್ ಎಂದು ಬಂದ ಹುಡುಗರು ರಾಜಕೀಯದ ಮಾತನ್ನೂ ಆಡತೊಡಗಿದ್ದರು. 1905ರಲ್ಲಿ ಶ್ಯಾಮಜಿ ಕೃಷ್ಣವರ್ಮ ಹೈಗೇಟಿನ 65, ಕ್ರಾಮ್‌ವೆಲ್ ಅವೆನ್ಯೂ ಮನೆಯಲ್ಲಿ ‘ಇಂಡಿಯಾ ಹೌಸ್’ ವಿದ್ಯಾರ್ಥಿನಿಲಯ ತೆರೆದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ನಿದ್ದೆ ಹಾರಿತು. 1907ರಲ್ಲಿ ಭಾರತೀಯ ವಿದ್ಯಾರ್ಥಿಗಳ ಸ್ಥಿತಿಗತಿ ಅರಿಯಲು ಸಮಿತಿಯೊಂದನ್ನು ನೇಮಿಸಿದರು. ಅದರ ಅಧ್ಯಕ್ಷ ಸರ್ ವಿಲಿಯಂ ಲೀ-ವಾರ್ನರ್. ಈತ ಹಿಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವ, ಕೊಡಗಿನ ಚೀಫ್ ಕಮಿಷನರ್ ಕೂಡ. ಇನ್ನೊಬ್ಬ ಸದಸ್ಯ ಸರ್ ಕರ್ಜನ್ ವೈಲಿ. 1909ರ ಜುಲೈ 1ರ ರಾತ್ರಿ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನ ಸಮಾರಂಭದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ಮದನ್‌ಲಾಲ್ ಧಿಂಗ್ರಾ ಗುಂಡಿಟ್ಟು ಕೊಂದದ್ದು ಇದೇ ವೈಲಿಯನ್ನು. ವಿದ್ಯಾರ್ಥಿಗಳ ಕ್ಷೇಮ ವಿಚಾರಿಸಲು ಕೂತ ಸಮಿತಿಯ ಸದಸ್ಯನೊಬ್ಬ ವಿದ್ಯಾರ್ಥಿಯ ಕೈಯಲ್ಲೇ ಸತ್ತ.

ಅಷ್ಟರಲ್ಲೇ ವಿದ್ಯಾರ್ಥಿಗಳಿಗಾಗಿ ಸರ್ಕಾರದ ಕಚೇರಿಯೂ ಸಜ್ಜಾಯಿತು. ವಿಳಾಸ 21, ಕ್ರಾಮ್‌ವೆಲ್ ರೋಡ್. ಕ್ರಾಂತಿಕಾರಿಗಳದ್ದೂ ಕ್ರಾಮ್‌ವೆಲ್, ಸರ್ಕಾರದ್ದೂ ಕ್ರಾಮ್‌ವೆಲ್! ಅಲ್ಲಿ ವಿದ್ಯಾರ್ಥಿಗಳ ಸಲಹೆಗಾರನಾಗಿ ಬಂದ ಟಿ.ಡಬ್ಲ್ಯು. ಆರ್ನಲ್ಡ್ ಕೆಟ್ಟ ಮನುಷ್ಯನೇನಲ್ಲ. ಅಲಿಘರ್, ಲಾಹೋರ್‌ಗಳಲ್ಲಿ ಪಾಠ ಹೇಳಿದ್ದ ವಿದ್ವಾಂಸ, ಕವಿ ಇಕ್ಬಾಲರ ಗುರು. ಹೊಸದಾಗಿ ಹಡಗಿಳಿದವರಿಗೆ ವಸತಿ ಹುಡುಕಿಕೊಡುವುದು, ಯಾವ ಕಾಲೇಜು ಸೇರಬಹುದೆಂದು ಹೇಳುವುದು, ಶಿಫಾರಸು ಪತ್ರ ಕೊಡುವುದು ಆ ಕಚೇರಿಯ ಕೆಲಸಗಳು. ಹುಡುಗರು ಅದನ್ನು ಗೂಢಚಾರರ ಮನೆ ಎಂದೇ ನೋಡಿದರು. ಇಂಥವನು ಒಳ್ಳೆಯವನು ಎಂದು ಬರೆದುಕೊಡುವವರು, ಇಂಥವನು ಒಳ್ಳೆಯವನಲ್ಲ ಎಂದೂ ಯಾರಿಗೋ ಬರೆಯುತ್ತಿರಬಹುದಲ್ಲ? ನೆರವು ಮತ್ತು ನಿಗಾ ಒಂದೇ ಮೇಜಿನ ಎರಡು ಖಾನೆಗಳಾಗಿ ಕೂತದ್ದು ಹೀಗೆ. ಆ ಜೋಡಿ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಆರು ತಿಂಗಳಿಗಿಂತ ಹೆಚ್ಚು ಅವಧಿಯ ವೀಸಾದಲ್ಲಿ ಭಾರತಕ್ಕೆ ಓದಲು ಬಂದ ಹುಡುಗಿ ಹದಿನಾಲ್ಕು ದಿನದೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ನೋಂದಣಿ ಮಾಡಿಸಬೇಕು. ಅದಕ್ಕೆ ಬೇಕಾದ ಬೋನಫೈಡ್ ಪತ್ರ ಕೊಡುವವರೂ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರೇ, ಹಾಸ್ಟೆಲ್ಲಿನಲ್ಲಿ ನೀರು ಬರುವುದಿಲ್ಲವೆಂದರೆ ಅವಳು ದೂರು ಹೇಳಿಕೊಳ್ಳಬೇಕಾದವರೂ ಅವರೇ.

ಓದಿನ ಲೆಕ್ಕದ ಪ್ರಶ್ನೆಯನ್ನು ಮೊದಲು ನೇರವಾಗಿ ಕೈಗೆತ್ತಿಕೊಂಡದ್ದು ಅಮೆರಿಕದ ಒಂದು ಸಣ್ಣ ವಿಶ್ವವಿದ್ಯಾಲಯ. ಡೆಲಾವೇರ್‌ನಲ್ಲಿ ಫ್ರೆಂಚ್ ಕಲಿಸುತ್ತಿದ್ದ ರೇಮಂಡ್ ಕರ್ಕ್‌ಬ್ರೈಡ್ ಮೊದಲ ಮಹಾಯುದ್ಧದಲ್ಲಿ ದುಡಿದು ಬಂದವರು. ಪದವಿಯ ಮೂರನೆಯ ವರ್ಷವನ್ನು ವಿದ್ಯಾರ್ಥಿಗಳು ಫ್ರಾನ್ಸಿನಲ್ಲೇ ಕಳೆಯಲಿ, ಅದು ಪದವಿಗೆ ಸಲ್ಲಲಿ ಎಂದು ಅವರು ಅಧ್ಯಕ್ಷ ವಾಲ್ಟರ್ ಹುಲಿಹೆನ್‌ರ ಮುಂದೆ ಯೋಜನೆ ಇಟ್ಟರು. ಹುಲಿಹೆನ್ ಒಪ್ಪಿದರು, ವಿಶ್ವವಿದ್ಯಾಲಯದ ಹಣ ಮಾತ್ರ ಸಿಗಲಿಲ್ಲ. ಅವರು ಆಗ ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಅವರ ಬೆಂಬಲ ಗಿಟ್ಟಿಸಿದರು, ಉದ್ಯಮಿ ಪಿಯರ್ ಡ್ಯುಪಾಂಟ್ ಮೊದಲಾದವರಿಂದ ಖಾಸಗಿ ಹಣ ಕೂಡಿಸಿದರು. 1923ರ ಜುಲೈ 2ರಂದು ‘ರೋಷಾಂಬೊ’ ಹಡಗಿನಲ್ಲಿ ಎಂಟು ವಿದ್ಯಾರ್ಥಿಗಳು ನ್ಯೂಯಾರ್ಕ್ ಬಿಟ್ಟರು. ಮೊದಲು ನಾನ್ಸಿಯಲ್ಲಿ ಭಾಷೆ, ಆಮೇಲೆ ಪ್ಯಾರಿಸಿನ ಸೊರ್ಬಾನ್. ಮರಳಿದಾಗ ಅವರ ವರ್ಷ ಹಾಳಾಗಲಿಲ್ಲ, ನೇರ ಕೊನೆಯ ವರ್ಷಕ್ಕೆ ಹೋದರು. ಹಡಗಿನಲ್ಲಿ ಫ್ರಾನ್ಸಿಗೆ ಹೋದ ಅಮೆರಿಕನ್ನರು ಅದಕ್ಕೂ ಹಿಂದೆ ಸಾವಿರಾರು ಇದ್ದರು. ಆ ಎಂಟು ಮಂದಿಯ ವಿಶೇಷ ಅವರ ಅಂಕಪಟ್ಟಿಯಲ್ಲಿತ್ತು. ಎರಡು ವರ್ಷದಲ್ಲಿ ಸ್ಮಿತ್ ಕಾಲೇಜು ಕೂಡ ತನ್ನ ವಿದ್ಯಾರ್ಥಿನಿಯರನ್ನು ಪ್ಯಾರಿಸಿಗೆ ಕಳಿಸಿತು.

ಅದೇ ಹೊತ್ತಿನಲ್ಲಿ ನ್ಯೂಯಾರ್ಕಿನಲ್ಲಿ ಸ್ಟೀಫನ್ ಡಗನ್ ಎಂಬ ಪ್ರಾಧ್ಯಾಪಕರು 1919ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯನ್ನು ನಡೆಸುತ್ತಿದ್ದರು. 1921ರಲ್ಲಿ ಅಮೆರಿಕ ವಲಸೆಗಾರರಿಗೆ ದೇಶವಾರು ಮಿತಿ ಹಾಕಿದಾಗ, ಓದಲು ಬಂದವರೂ ಅದೇ ಬಲೆಯಲ್ಲಿ ಸಿಕ್ಕಿಬಿದ್ದರು. ವಿದ್ಯಾರ್ಥಿ ನೆಲೆಸಲು ಬಂದವನಲ್ಲ, ಅವನಿಗೆ ಪ್ರತ್ಯೇಕ ವೀಸಾ ಬೇಕು ಎಂದು ವಾಷಿಂಗ್ಟನ್ನಿನಲ್ಲಿ ಹಠ ಹಿಡಿದವರು ಡಗನ್. ಇಂದು ಅಮೆರಿಕದ ವೀಸಾ ಸಂದರ್ಶನಕ್ಕೆ ಫೈಲು ಎದೆಗವಚಿಕೊಂಡು ನಿಲ್ಲುವ ನಮ್ಮ ಹುಡುಗ ಹುಡುಗಿಯರು ಅವರ ಹೆಸರು ಕೇಳಿರಲಾರರು. 1933ರಲ್ಲಿ ಹಿಟ್ಲರ್ ಯಹೂದಿ ಪ್ರಾಧ್ಯಾಪಕರನ್ನು ಕಿತ್ತೊಗೆದಾಗ ಅವರಿಗೆ ಕೆಲಸ ಹುಡುಕುವ ತುರ್ತು ಸಮಿತಿಯೂ ಡಗನ್‌ರ ಕಚೇರಿಯಿಂದಲೇ ನಡೆಯಿತು. ಅದರ ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದ ಇಪ್ಪತ್ತೈದರ ತರುಣ ಎಡ್ವರ್ಡ್ ಮರೋ ಮುಂದೆ ಯುದ್ಧಕಾಲದ ರೇಡಿಯೊ ವರದಿಗಾರನಾಗಿ ಜಗತ್ಪ್ರಸಿದ್ಧನಾದ.

ಅಂಥ ಮೇಜು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಕಥೆಯಿದೆ. ಗಟಿಂಗನ್ನಿನಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸಿ.ವಿ. ರಾಮನ್ ಬರಮಾಡಿಕೊಂಡರು. 1935ರ ಕೊನೆಗೆ ಬಾರ್ನ್ ಮತ್ತು ಪತ್ನಿ ಹೆಡಿ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳು ಬಾರ್ನ್ ಉಪನ್ಯಾಸ ಮಾಡಿದರು, ರಾಮನ್‌ರ ಶಿಷ್ಯ ನಾಗೇಂದ್ರನಾಥರ ಜೊತೆ ಸೇರಿ ಪ್ರಬಂಧ ಬರೆದರು. ಊರೂ ಹಿಡಿಸಿತ್ತು. ಅವರಿಗೆ ಕಾಯಂ ಪೀಠ ಕೊಡಬೇಕೆಂದು ರಾಮನ್ ಪ್ರಾಧ್ಯಾಪಕರ ಸಭೆಯಲ್ಲಿ ಉತ್ಸಾಹದಿಂದ ಹೊಗಳಿ ಮಾತಾಡಿದರು. ಆಗ ಎದ್ದ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯೆದುರು ಅತ್ತೆನೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪೀಠದ ಮಾತು ಅಲ್ಲಿಗೇ ಮುಗಿಯಿತು. 1936ರಲ್ಲಿ ಎಡಿನ್‌ಬರೋ ಅವರನ್ನು ಕರೆಯಿತು, 1954ರಲ್ಲಿ ನೊಬೆಲ್ ಬಂತು.

ರಾಮನ್ ಕರೆದದ್ದು ದೊಡ್ಡ ಮನಸ್ಸಿನಿಂದ. ಆದರೆ ಒಬ್ಬ ನಿರ್ದೇಶಕನ ಮನಸ್ಸಿನ ಮೇಲೆ ನಿಂತ ಆಹ್ವಾನ ಒಂದು ಸಭೆಯ ಗಾಳಿಗೆ ತಡೆಯಲಿಲ್ಲ. ನಿಯಮ, ನಿಧಿ, ಅವಧಿ, ಹುದ್ದೆಯ ಹೆಸರು ಇವೆಲ್ಲ ಮೊದಲೇ ಕಾಗದದ ಮೇಲಿದ್ದಿದ್ದರೆ ಬೆಂಗಳೂರು ಬಾರ್ನ್‌ರನ್ನು ಉಳಿಸಿಕೊಳ್ಳುತ್ತಿತ್ತೋ ಏನೋ. ಆಡಳಿತದ ಒಣ ಕಾಗದಕ್ಕೆ ಬೆಲೆ ಬರುವುದು ಇಂಥ ಕಡೆ.

ಎರಡನೇ ಮಹಾಯುದ್ಧದ ನಂತರ ಹಣದ ಪ್ರಶ್ನೆ ವಿಚಿತ್ರ ರೀತಿಯಲ್ಲಿ ಬಗೆಹರಿಯಿತು. ಅಮೆರಿಕದ ಸೇನೆ ದೇಶದೇಶಗಳಲ್ಲಿ ಬಿಟ್ಟುಹೋದ ಜೀಪು, ಲಾರಿ ಮುಂತಾದ ಸರಕನ್ನು ಆಯಾ ದೇಶಗಳಿಗೇ ಮಾರಿ, ಬಂದ ಸ್ಥಳೀಯ ಹಣದಿಂದ ವಿದ್ಯಾರ್ಥಿಗಳನ್ನು ಓಡಾಡಿಸೋಣ ಎಂದು ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಸೂಚಿಸಿದರು. ಅವರೇ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್ ಕಂಡವರು. 1946ರ ಆಗಸ್ಟ್ 1ರಂದು ಟ್ರೂಮನ್ ಸಹಿ ಹಾಕಿದರು. ಭಾರತದೊಂದಿಗಿನ ಒಪ್ಪಂದಕ್ಕೆ 1950ರ ಫೆಬ್ರವರಿ 2ರಂದು ಸಹಿ ಹಾಕಿದವರು ನೆಹರೂ ಮತ್ತು ರಾಯಭಾರಿ ಲಾಯ್ ಹೆಂಡರ್ಸನ್. ಗುಜರಿ ಜೀಪು ಮಾರಿದ ದುಡ್ಡಿನಲ್ಲಿ ವಿದ್ಯಾದಾನ! 1951ರಲ್ಲಿ ಬರಗಾಲದ ಭಾರತಕ್ಕೆ ಅಮೆರಿಕ ಗೋಧಿ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಟ್ಟಿತು. ಅದರ ಬಡ್ಡಿಯ ಒಂದು ಪಾಲೂ ಪುಸ್ತಕಗಳಿಗೆ, ಪ್ರಾಧ್ಯಾಪಕರ ಓಡಾಟಕ್ಕೆ ಹೋಯಿತು.

ಕನ್ನಡಕ್ಕೆ ಈ ಕಡತಗಳಿಂದ ಬಂದದ್ದು ಸಣ್ಣದಲ್ಲ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. 1963ರಲ್ಲಿ ಅವರಿಗೆ ಪಿಎಚ್‌ಡಿ ಬಂದ ವಿಷಯ ಕನ್ನಡದ ವ್ಯಾಕರಣ. ಅದೇ ವರ್ಷ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೊರಟರು. ಕಡತದಲ್ಲಿದ್ದ ಉದ್ದೇಶ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಅಧ್ಯಯನ. ಅವರು ಅದನ್ನೂ ಮುಗಿಸಿ 1966ರಲ್ಲಿ ಡಾಕ್ಟರೇಟ್ ಪಡೆದರು. ನಡುವೆ, ಗುರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರ ನೋಡಿ ಬಂದ ಗುಂಗಿನಲ್ಲಿ ಅಲ್ಲೇ ಕೂತು ‘ಸಂಸ್ಕಾರ’ ಕಾದಂಬರಿ ಬರೆದರು. ಅದನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್, 1976ರಲ್ಲಿ. ಯಾವ ವಿದ್ಯಾರ್ಥಿವೇತನದ ಪ್ರಗತಿ ವರದಿಯಲ್ಲೂ ‘ಸಂಸ್ಕಾರ’ಕ್ಕೆ ಕಾಲಂ ಇರಲಿಲ್ಲ. ನಮ್ಮ ವೈಯಾಕರಣಿಗಳು ಬದಲಾಗದೆ ಬಂದ ಪದವನ್ನು ತತ್ಸಮ ಎಂದರು, ಬಂದ ಊರಿನ ಬಾಯಿಗೆ ಒಗ್ಗಿಕೊಂಡದ್ದನ್ನು ತದ್ಭವ ಎಂದರು. ಕಚೇರಿ ಹುಡುಕುವುದು ಸದಾ ತತ್ಸಮವನ್ನು. ಪರದೇಶಕ್ಕೆ ಹೋಗಿ ಬಂದ ಮನುಷ್ಯ ಬಹುಮಟ್ಟಿಗೆ ತದ್ಭವ.

ರೋಮಿಗೆ ಮರಳೋಣ. ಕೊರಾದಿ ರೋಮಿನ ಪದವಿಯನ್ನು ಬೇರೆಯಾಗಿಯೇ ಓದಿ ಮುಗಿಸಿದರು. ಆದರೆ ಆ ಬೈಗುಳವನ್ನು ಮರೆಯಲಿಲ್ಲ. ಇಟಲಿಯ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಸಂಘಕ್ಕೆ ಸಲಹೆಗಾರರಾದಾಗ ಅವರಿಗೆ ತಕ್ಕ ಮೇಜು ಸಿಕ್ಕಿತು. ವಿದೇಶದಲ್ಲಿ ಮಾಡಿದ ಓದು ಸ್ವದೇಶದಲ್ಲೂ ಸಲ್ಲಬೇಕು, ಹೋಗುವ ಮುಂಚೆಯೇ ಅದರ ಒಪ್ಪಿಗೆ ಆಗಿರಬೇಕು ಎಂಬ ಪ್ರಸ್ತಾವವನ್ನು 1969ರಲ್ಲಿ ಬರೆದರು. ಆಮೇಲೆ ಹದಿನೆಂಟು ವರ್ಷ ಅದನ್ನು ಕೈಯಲ್ಲಿ ಹಿಡಿದು ಸಚಿವರು, ಅಧಿಕಾರಿಗಳು, ಪ್ರಾಧ್ಯಾಪಕರು ಎಂದು ಬಾಗಿಲು ಬಾಗಿಲು ತಟ್ಟಿದರು. 1976ರಲ್ಲಿ ಯುರೋಪಿಯನ್ ಸಮುದಾಯ ಜಂಟಿ ಅಧ್ಯಯನಗಳಿಗೆ ಸಣ್ಣ ನೆರವಿನ ಯೋಜನೆ ಶುರುಮಾಡಿತು. ಆ ನೆರವು ದೊಡ್ಡದಾಗುವ ಹೊತ್ತಿಗೆ ತಕರಾರು ಎದ್ದಿತು. ತಮ್ಮದೇ ವಿನಿಮಯ ವ್ಯವಸ್ಥೆಗಳಿದ್ದ ದೊಡ್ಡ ದೇಶಗಳು ಕೈ ಹಿಂದೆಗೆದವು, ಹಣ ಎಷ್ಟೆಂಬುದರ ಮೇಲೆ ಜಗ್ಗಾಟ ನಡೆಯಿತು. ಕೊನೆಗೆ 1987ರ ಜೂನ್ 15ರಂದು ‘ಎರಾಸ್ಮಸ್’ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಊರೂರು ಸುತ್ತಿ ಕಲಿತು ಕಲಿಸಿದ ಹದಿನಾರನೆಯ ಶತಮಾನದ ಡಚ್ ಪಂಡಿತನ ಹೆಸರು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು. ವಿದ್ಯಾರ್ಥಿಗಳಲ್ಲದೆ ಇತರರೂ ಸೇರಿ ಈ ಯೋಜನೆಯಲ್ಲಿ ಪಾಲ್ಗೊಂಡವರ ಒಟ್ಟು ಸಂಖ್ಯೆ ಈಗ ಒಂದು ಕೋಟಿ ದಾಟಿದೆ. ಕೊರಾದಿಗೆ ಇಟಲಿಯವರು ಕೊಟ್ಟ ಹೆಸರು ‘ಮಮ್ಮಾ ಎರಾಸ್ಮಸ್’.

ಹಣ, ಹೆಸರು ಎರಡೂ ಸಿಕ್ಕವು. ತತ್ಸಮಾನದ ಗಂಟು ಇನ್ನೂ ಬಿಚ್ಚಿರಲಿಲ್ಲ. ಒಂದು ದೇಶದಲ್ಲಿ ವರ್ಷಕ್ಕೊಂದೇ ಪರೀಕ್ಷೆ, ಇನ್ನೊಂದರಲ್ಲಿ ಸೆಮಿಸ್ಟರು. ಒಂದು ಕಡೆ ಮೌಖಿಕ ಪರೀಕ್ಷೆ, ಇನ್ನೊಂದು ಕಡೆ ಪ್ರಬಂಧ. ಇಟಲಿಯಲ್ಲಿ ಅಂಕ ಮೂವತ್ತಕ್ಕೆ, ಫ್ರಾನ್ಸಿನಲ್ಲಿ ಇಪ್ಪತ್ತಕ್ಕೆ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 5 ಎಂದರೆ ಫೇಲು. ಇದಕ್ಕೆ 1989ರಲ್ಲಿ ಪ್ರಯೋಗವಾಗಿ ಹಿಡಿದ ಉಪಾಯ ಸಂತೆಯ ತೂಕದ ಕಲ್ಲಿನಂಥದ್ದು. ಒಂದು ವರ್ಷದ ಪೂರ್ಣಾವಧಿ ಓದು ಎಲ್ಲೇ ಆಗಲಿ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆ ಓದು, ಪರೀಕ್ಷೆ ಎಲ್ಲ ಸೇರಿ ವಿದ್ಯಾರ್ಥಿಯ 25ರಿಂದ 30 ಗಂಟೆಯ ದುಡಿಮೆ. ಮೇಷ್ಟ್ರು ಎಷ್ಟು ಹೊತ್ತು ಪಾಠ ಹೇಳಿದರು ಎಂಬ ಹಳೆಯ ಲೆಕ್ಕ ಹೋಗಿ ವಿದ್ಯಾರ್ಥಿ ಎಷ್ಟು ದುಡಿದ ಎಂಬ ಲೆಕ್ಕ ಬಂತು. ವಿನಿಮಯದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಮತ್ತೊಂದಿಲ್ಲ ಎಂದರೆ ತಪ್ಪಾಗಲಾರದು.

ಜೊತೆಗೆ ಒಂದು ಸಾಧಾರಣ ಫಾರಂ ಬಂತು, ಕಲಿಕೆಯ ಒಪ್ಪಂದ. ಹೋಗುವ ಮುನ್ನವೇ ಯಾವ ವಿಷಯ ಓದುತ್ತೇನೆ, ಅದು ಇಲ್ಲಿ ಯಾವುದರ ಬದಲಿಗೆ ಸಲ್ಲುತ್ತದೆ ಎಂದು ಬರೆದು ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕಬೇಕು. 1958ರಲ್ಲಿ ಕೊರಾದಿಯ ಕೈಯಲ್ಲಿ ಇರಬೇಕಿದ್ದ ಕಾಗದ ಅದು.

ನಮ್ಮಲ್ಲಿ ವಿದೇಶಿ ಪದವಿಗಳಿಗೆ ಸಮಾನತೆಯ ಪ್ರಮಾಣಪತ್ರ ಕೊಡುವ ಕೆಲಸ ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದಾಗಿತ್ತು. 1925ರಲ್ಲಿ ಹುಟ್ಟಿದ ಅಂತರ-ವಿಶ್ವವಿದ್ಯಾಲಯ ಮಂಡಳಿಯೇ ಆ ಸಂಘದ ಮೂಲ. 2025ರಲ್ಲಿ ಯುಜಿಸಿ ಇದಕ್ಕೆ ತನ್ನದೇ ನಿಯಮಾವಳಿ ತಂದಿತು. ಪ್ರತಿ ವಿಶ್ವವಿದ್ಯಾಲಯದಲ್ಲೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ಇರಬೇಕೆಂದು 2021ರಲ್ಲೇ ಹೇಳಿತ್ತು. 2022ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿ, ಟ್ವಿನ್ನಿಂಗ್ ವ್ಯವಸ್ಥೆಗಳಿಗೆ ದಾರಿ ತೆರೆಯಿತು. ಟ್ವಿನ್ನಿಂಗ್‌ನಲ್ಲಿ ಶೇ 30ರವರೆಗಿನ ಕ್ರೆಡಿಟ್ ಹೊರಗೆ ಗಳಿಸಬಹುದು.

ಆದರೆ ಈ ಮೇಜಿಗೆ ಕಾಯಂ ಆಗಿ ಕೂರುವವರು ಬೇಕು. ಮೈಸೂರಿನ ಮಟ್ಟಿಗೆ ವಿದೇಶಿ ವಿದ್ಯಾರ್ಥಿ ಹೊಸಬನಲ್ಲ. ಇರಾನಿನಿಂದ, ಅರಬ್ ದೇಶಗಳಿಂದ, ಆಫ್ರಿಕಾದಿಂದ ಬಂದವರು ದಶಕಗಳಿಂದ ಅಲ್ಲಿನ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದು ಓದಿದ್ದಾರೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರಿನಲ್ಲಿದ್ದ ಅಫ್ಘನ್ ವಿದ್ಯಾರ್ಥಿಗಳಿಗೆ ಓದಿಗಿಂತ ವೀಸಾದ ಚಿಂತೆ ದೊಡ್ಡದಾಯಿತು. ಅಂಥ ದಿನ ಅವರು ಮೊದಲು ಓಡುವುದು ಇದೇ ಮೇಜಿಗೆ. ಅತ್ತ ಕಡೆ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಕನ್ನಡ ವಿದ್ವಾಂಸ ಬಿ.ಎ. ವಿವೇಕ ರೈ ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದ್ದಾರೆ. ಎರಡೂ ದಿಕ್ಕಿನ ಓಡಾಟ ಇದೆ. ಅದನ್ನು ಹಿಡಿದಿಡುವ ಕೈ ಮಾತ್ರ ಎಷ್ಟೋ ಕಡೆ ಪ್ರಭಾರದ್ದು. ಪಾಠ ಮಾಡುತ್ತಲೇ ಈ ಹೊಣೆಯನ್ನೂ ಹೊತ್ತ ಪ್ರಾಧ್ಯಾಪಕರು ಎರಡು ವರ್ಷಕ್ಕೆ ಬದಲಾಗುತ್ತಾರೆ. ಹೊಸಬರು ಬರುವಷ್ಟರಲ್ಲಿ ಹಳೆಯ ಒಡಂಬಡಿಕೆಯ ಕಡತ ಯಾವ ಬೀರುವಿನಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ.

ಆದ್ದರಿಂದ ಕುಲಪತಿಗಳಲ್ಲಿ ಒಂದು ಬಿನ್ನಹ. ವಿದೇಶಿ ವಿಶ್ವವಿದ್ಯಾಲಯದೊಂದಿಗೆ ಸಹಿ ಹಾಕಿ ಕೈಕುಲುಕುವ ಚಿತ್ರವನ್ನು ವಾರ್ಷಿಕ ವರದಿಯಲ್ಲಿ ಹಾಕುವಾಗ, ಹಿಂದಿನ ಒಪ್ಪಂದಗಳಡಿ ಎಷ್ಟು ವಿದ್ಯಾರ್ಥಿಗಳು ಹೋಗಿ ಬಂದರು, ಅವರ ಎಷ್ಟು ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬಂತು ಎಂಬ ಎರಡು ಸಂಖ್ಯೆಗಳನ್ನು ಅದರ ಕೆಳಗೇ ಅಚ್ಚು ಹಾಕಿಸಿ. ಸೊನ್ನೆಯಾದರೆ ಸೊನ್ನೆಯೆಂದೇ ಹಾಕಿಸಿ.